ಲೂಯಿ ಷೆವರ್ಲೆ

ಲೂಯಿ ಜೋಸೆಫ್ ಷೆವರ್ಲೆ (ಡಿಸೆಂಬರ್ 25, 1878 – ಜೂನ್ 6, 1941) ಸ್ವಿಟ್ಜರ್ಲೆಂಡ್‌ನಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿದ ರೇಸ್ ಕಾರು ಚಾಲಕ, ಮೆಕ್ಯಾನಿಕ್ ಮತ್ತು ಎಂಜಿನ್ ವಿನ್ಯಾಸಕಾರ. 1911ರಲ್ಲಿ ವಿಲಿಯಂ ಡ್ಯೂರಂಟ್ ಅವರೊಂದಿಗೆ ಷೆವರ್ಲೆ ಮೋಟಾರ್ ಕಾರ್ ಕಂಪನಿಯನ್ನು ಸ್ಥಾಪಿಸಿದವರೆಂದು ಅವರು ಪ್ರಸಿದ್ಧರು. ಆದರೆ ಕೆಲವೇ ವರ್ಷಗಳಲ್ಲಿ ಅವರು ಆ ಕಂಪನಿಯನ್ನು ತೊರೆದರು. ತಮ್ಮ ಹೆಸರನ್ನು ಹೊತ್ತ ಕಾರುಗಳ ಲಾಭದಲ್ಲಿ ಅವರಿಗೆ ಪಾಲು ದೊರೆಯಲಿಲ್ಲ. ನಂತರ ಸಹೋದರರಾದ ಆರ್ಥರ್ ಮತ್ತು ಗ್ಯಾಸ್ಟನ್ ಅವರೊಂದಿಗೆ ಫ್ರಾಂಟೆನ್ಯಾಕ್ ರೇಸ್ ಕಾರುಗಳನ್ನು ನಿರ್ಮಿಸಿದರು. ಈ ಸಹೋದರರು ನಿರ್ಮಿಸಿದ ಕಾರುಗಳು 1920 ಮತ್ತು 1921ರ ಇಂಡಿಯಾನಾಪೊಲಿಸ್ 500 ಸ್ಪರ್ಧೆಗಳಲ್ಲಿ ಜಯ ಗಳಿಸಿದವು. 1920ರ ದಶಕದಲ್ಲಿ ಅವರು ಫೋರ್ಡ್ ಮಾಡೆಲ್ ಟಿ ಎಂಜಿನ್‌ಗಾಗಿ ತಯಾರಿಸಿದ ಫ್ರಾಂಟಿ ಸಿಲಿಂಡರ್ ಹೆಡ್‌ಗಳು ಅಮೆರಿಕದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಸ್ಪರ್ಧಿಸುತ್ತಿದ್ದ ಹವ್ಯಾಸಿ ಚಾಲಕರಿಗೆ ಕಡಿಮೆ ಖರ್ಚಿನಲ್ಲಿ ರೇಸ್ ಎಂಜಿನ್ ಸಿದ್ಧಪಡಿಸಿಕೊಳ್ಳುವ ದಾರಿಯನ್ನು ತೋರಿಸಿದವು.

ಜನನ ಮತ್ತು ಬಾಲ್ಯ

ಲೂಯಿ ಷೆವರ್ಲೆ 1878ರ ಡಿಸೆಂಬರ್ 25ರಂದು ಸ್ವಿಟ್ಜರ್ಲೆಂಡ್‌ನ ಲಾ ಶೋ-ದ-ಫೊಂ ಪಟ್ಟಣದಲ್ಲಿ ಜನಿಸಿದರು. ಈ ಪಟ್ಟಣವು ಗಡಿಯಾರ ತಯಾರಿಕೆಗೆ ಹೆಸರುವಾಸಿಯಾಗಿದೆ. ಅವರ ತಂದೆ ಜೋಸೆಫ್-ಫೆಲಿಸಿಯೆನ್ ಷೆವರ್ಲೆ ಗಡಿಯಾರ ತಯಾರಕರಾಗಿದ್ದರು. ತಾಯಿಯ ಹೆಸರು ಮೇರಿ-ಆನ್. ಲೂಯಿ ಇನ್ನೂ ಬಾಲಕರಾಗಿದ್ದಾಗ, 1880ರ ದಶಕದ ಉತ್ತರಾರ್ಧದಲ್ಲಿ, ಕುಟುಂಬವು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಬೋನ್ ಪಟ್ಟಣಕ್ಕೆ ವಲಸೆ ಹೋಯಿತು.

ಬೋನ್ ದ್ರಾಕ್ಷಾರಸದ ವ್ಯಾಪಾರಕ್ಕೆ ಪ್ರಸಿದ್ಧವಾದ ಊರು. ಕುಟುಂಬದ ಆರ್ಥಿಕ ಸ್ಥಿತಿ ಉತ್ತಮವಾಗಿರಲಿಲ್ಲ. ಆದ್ದರಿಂದ ಲೂಯಿ ಚಿಕ್ಕ ವಯಸ್ಸಿನಲ್ಲೇ ಸೈಕಲ್ ಮತ್ತು ಬಂಡಿಗಳನ್ನು ದುರಸ್ತಿ ಮಾಡುವ ಕಾರ್ಯಾಗಾರವೊಂದರಲ್ಲಿ ಕೆಲಸಕ್ಕೆ ಸೇರಿದರು. ಔಪಚಾರಿಕ ತಾಂತ್ರಿಕ ಶಿಕ್ಷಣವನ್ನು ಅವರು ಪಡೆಯಲಿಲ್ಲ. ತಂದೆಯ ಗಡಿಯಾರದ ಕೆಲಸವೂ ದುರಸ್ತಿಯ ಕಾರ್ಯಾಗಾರವೂ ಅವರ ಪಾಠಶಾಲೆಗಳಾದವು. ಇದೇ ಕಾಲದಲ್ಲಿ ಅವರು ಸೈಕಲ್ ರೇಸ್‌ಗಳಲ್ಲಿ ಭಾಗವಹಿಸಿ ಸ್ಥಳೀಯವಾಗಿ ಹೆಸರು ಗಳಿಸಿದರು. ದ್ರಾಕ್ಷಾರಸವನ್ನು ಪೀಪಾಯಿಯಿಂದ ಪೀಪಾಯಿಗೆ ವರ್ಗಾಯಿಸುವ ಪಂಪೊಂದನ್ನು ಅವರು ರೂಪಿಸಿದರೆಂದು ಹೇಳಲಾಗುತ್ತದೆ. ನಂತರ ಪ್ಯಾರಿಸ್‌ಗೆ ತೆರಳಿ ಮೋಟಾರು ವಾಹನಗಳ ಕಾರ್ಯಾಗಾರಗಳಲ್ಲಿ ಕೆಲಸ ಮಾಡಿದರು.

ಅಮೆರಿಕಕ್ಕೆ ವಲಸೆ

1900ರಲ್ಲಿ ಷೆವರ್ಲೆ ಅಟ್ಲಾಂಟಿಕ್ ಸಾಗರವನ್ನು ದಾಟಿ ಕೆನಡಾದ ಮಾಂಟ್ರಿಯಲ್ ತಲುಪಿದರು. ಅಲ್ಲಿ ಸ್ವಲ್ಪ ಕಾಲ ಇದ್ದು ನ್ಯೂಯಾರ್ಕ್ ನಗರಕ್ಕೆ ಬಂದು ಫ್ರೆಂಚ್ ಕಂಪನಿಯಾದ ಡಿ ದಿಯೋಂ-ಬೂತೋನ್‌ನ ಅಮೆರಿಕನ್ ಶಾಖೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿದರು. ಆ ಬಳಿಕ ಫಿಯಟ್ ಕಾರುಗಳ ಅಮೆರಿಕನ್ ಪ್ರತಿನಿಧಿಗಳ ಬಳಿ ಕೆಲಸ ದೊರೆಯಿತು. ಅವರ ತಮ್ಮಂದಿರಾದ ಆರ್ಥರ್ ಮತ್ತು ಗ್ಯಾಸ್ಟನ್ ಸಹ ಕಾಲಕ್ರಮೇಣ ಅಮೆರಿಕಕ್ಕೆ ಬಂದರು. ಗ್ಯಾಸ್ಟನ್ 1892ರಲ್ಲಿ ಜನಿಸಿದವರಾಗಿದ್ದು, ಲೂಯಿಗಿಂತ ಸುಮಾರು ಹದಿನಾಲ್ಕು ವರ್ಷ ಚಿಕ್ಕವರಾಗಿದ್ದರು.

1905ರ ಮೇ 20ರಂದು ನ್ಯೂಯಾರ್ಕಿನ ಮಾರಿಸ್ ಪಾರ್ಕ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಲೂಯಿ ಫಿಯಟ್ ಕಾರನ್ನು ಚಲಾಯಿಸಿ ಜಯ ಗಳಿಸಿದರು. ಆ ದಿನ ಅವರು ಒಂದು ಮೈಲಿ ದೂರವನ್ನು 52.8 ಸೆಕೆಂಡುಗಳಲ್ಲಿ ಕ್ರಮಿಸಿದರು. ಮಾರಿಸ್ ಪಾರ್ಕ್ ಮೂಲತಃ ಕುದುರೆ ರೇಸ್‌ಗಾಗಿ ನಿರ್ಮಿಸಿದ ಮೈದಾನವಾಗಿತ್ತು. ಆ ಕಾಲದಲ್ಲಿ ಅಮೆರಿಕದ ಬಹುಪಾಲು ಕಾರು ರೇಸ್‌ಗಳು ಇಂತಹ ಮಣ್ಣಿನ ಟ್ರ್ಯಾಕ್‌ಗಳ ಮೇಲೆಯೇ ನಡೆಯುತ್ತಿದ್ದವು. ಅದೇ ವರ್ಷ ಅವರು ಸುಜಾನ್ ಟ್ರೆವೂ ಅವರನ್ನು ವಿವಾಹವಾದರು. ದಂಪತಿಗಳಿಗೆ ಚಾರ್ಲ್ಸ್ ಮತ್ತು ಆಲ್ಫ್ರೆಡ್ ಎಂಬ ಇಬ್ಬರು ಪುತ್ರರು.

ಬ್ಯೂಕ್ ತಂಡ

ಬ್ಯೂಕ್ ಕಂಪನಿಯನ್ನು ನಡೆಸುತ್ತಿದ್ದ ಮತ್ತು 1908ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸ್ಥಾಪಿಸಿದ ವಿಲಿಯಂ ಡ್ಯೂರಂಟ್, ತಮ್ಮ ಕಾರುಗಳ ಪ್ರಚಾರಕ್ಕಾಗಿ ರೇಸ್ ತಂಡವನ್ನು ಕಟ್ಟಿದರು. ಲೂಯಿ ಮತ್ತು ಆರ್ಥರ್ ಷೆವರ್ಲೆ ಈ ತಂಡವನ್ನು ಸೇರಿದರು. ಬಾಬ್ ಬರ್ಮನ್ ಮತ್ತು ಲೂಯಿಸ್ ಸ್ಟ್ರಾಂಗ್ ಇದೇ ತಂಡದ ಇತರ ಪ್ರಮುಖ ಚಾಲಕರು. ಡ್ಯೂರಂಟ್ ತಮ್ಮ ಸ್ವಂತ ಕಾರಿನ ಚಾಲಕನನ್ನು ಆರಿಸಲು ಸಹೋದರರಿಬ್ಬರ ನಡುವೆ ಸ್ಪರ್ಧೆ ಏರ್ಪಡಿಸಿ, ಎಚ್ಚರಿಕೆಯಿಂದ ಓಡಿಸಿದ ಆರ್ಥರ್ ಅವರನ್ನು ಆ ಕೆಲಸಕ್ಕೂ ವೇಗವಾಗಿ ಓಡಿಸಿದ ಲೂಯಿ ಅವರನ್ನು ರೇಸ್ ತಂಡಕ್ಕೂ ನೇಮಿಸಿಕೊಂಡರೆಂಬ ಕಥೆ ಪ್ರಚಲಿತದಲ್ಲಿದೆ.

ಬ್ಯೂಕ್ ತಂಡದಲ್ಲಿದ್ದ ವರ್ಷಗಳಲ್ಲಿ ಲೂಯಿ ಚಾಲನೆಯ ಜೊತೆಗೆ ಕಾರುಗಳ ಸಿದ್ಧತೆಯಲ್ಲೂ ತೊಡಗಿದರು. ಕಾರ್ಖಾನೆಯ ಎಂಜಿನ್ ಒಂದನ್ನು ಎಷ್ಟರ ಮಟ್ಟಿಗೆ ಸುಧಾರಿಸಬಹುದು, ಅದರ ಯಾವ ಭಾಗ ಮೊದಲು ಮುರಿಯುತ್ತದೆ ಎಂಬ ಅನುಭವ ಅವರಿಗೆ ಇಲ್ಲಿ ದೊರೆಯಿತು.

ಷೆವರ್ಲೆ ಮೋಟಾರ್ ಕಾರ್ ಕಂಪನಿ

1910ರಲ್ಲಿ ಡ್ಯೂರಂಟ್ ಸಾಲದ ಹೊರೆಯಿಂದಾಗಿ ಜನರಲ್ ಮೋಟಾರ್ಸ್ ಮೇಲಿನ ಹಿಡಿತವನ್ನು ಕಳೆದುಕೊಂಡರು. ಹೊಸ ಕಾರು ಕಂಪನಿಯ ಮೂಲಕ ಉದ್ಯಮಕ್ಕೆ ಮರಳಲು ಯೋಜಿಸಿದ ಅವರು ಕಾರಿನ ವಿನ್ಯಾಸವನ್ನು ಲೂಯಿ ಷೆವರ್ಲೆ ಅವರಿಗೆ ವಹಿಸಿದರು. ರೇಸ್ ಚಾಲಕರಾಗಿ ಜನಪ್ರಿಯರಾಗಿದ್ದ ಲೂಯಿ ಅವರ ಹೆಸರನ್ನೇ ಕಂಪನಿಗೆ ಇಡಲಾಯಿತು. 1911ರ ನವೆಂಬರ್ 3ರಂದು ಮಿಶಿಗನ್ ರಾಜ್ಯದಲ್ಲಿ ಷೆವರ್ಲೆ ಮೋಟಾರ್ ಕಾರ್ ಕಂಪನಿ ನೋಂದಣಿಯಾಯಿತು.

ಕಂಪನಿಯ ಮೊದಲ ಕಾರು ಸೀರೀಸ್ ಸಿ ಕ್ಲಾಸಿಕ್ ಸಿಕ್ಸ್. ಇದರಲ್ಲಿ 299 ಘನ ಅಂಗುಲ (4.9 ಲೀಟರ್) ಸಾಮರ್ಥ್ಯದ ಆರು ಸಿಲಿಂಡರ್‌ಗಳ ಎಂಜಿನ್ ಇತ್ತು. ಕಾರು ದೊಡ್ಡದೂ ಗಟ್ಟಿಮುಟ್ಟಾದದ್ದೂ ಆಗಿತ್ತು. ಆದರೆ ಅದರ ಬೆಲೆ 2,150 ಡಾಲರ್ ಆಗಿತ್ತು. ಅದೇ ಸಮಯದಲ್ಲಿ ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಕಾರು ಅದರ ಸುಮಾರು ಮೂರನೆಯ ಒಂದು ಭಾಗದ ಬೆಲೆಗೆ ಲಭ್ಯವಿತ್ತು.

ಕಂಪನಿಯು ಮುಂದೆ ಎಂತಹ ಕಾರನ್ನು ತಯಾರಿಸಬೇಕೆಂಬ ವಿಷಯದಲ್ಲಿ ಇಬ್ಬರ ನಡುವೆ ಭಿನ್ನಾಭಿಪ್ರಾಯ ಉಂಟಾಯಿತು. ಡ್ಯೂರಂಟ್ ಅವರಿಗೆ ಫೋರ್ಡ್ ಕಾರಿಗೆ ಪೈಪೋಟಿ ನೀಡುವ ಅಗ್ಗದ ಕಾರು ಬೇಕಿತ್ತು. ಲೂಯಿ ಅವರಿಗೆ ತಮ್ಮ ಹೆಸರಿನ ಕಾರು ಉತ್ತಮ ದರ್ಜೆಯದಾಗಿರಬೇಕೆಂಬ ಅಪೇಕ್ಷೆಯಿತ್ತು. ಲೂಯಿ 1913ರ ಹೊತ್ತಿಗೆ ಕಂಪನಿಯಿಂದ ದೂರವಾದರು ಮತ್ತು ತಮ್ಮ ಷೇರುಗಳನ್ನು ಮಾರಿದರು. ಕಂಪನಿಯ ಹೆಸರಾಗಿ ತಮ್ಮ ಹೆಸರನ್ನು ಬಳಸುವ ಹಕ್ಕು ಡ್ಯೂರಂಟ್ ಬಳಿಯೇ ಉಳಿಯಿತು. 490 ಡಾಲರ್ ಬೆಲೆಯ ಷೆವರ್ಲೆ 490 ಮಾದರಿ 1915ರಲ್ಲಿ ಮಾರುಕಟ್ಟೆಗೆ ಬಂದು ಅಪಾರ ಯಶಸ್ಸು ಗಳಿಸಿತು. ಆ ಯಶಸ್ಸಿನ ಬಲದಿಂದ ಡ್ಯೂರಂಟ್ 1916ರಲ್ಲಿ ಜನರಲ್ ಮೋಟಾರ್ಸ್ ಅನ್ನು ಮರಳಿ ತಮ್ಮ ವಶಕ್ಕೆ ತೆಗೆದುಕೊಂಡರು. 1918ರಲ್ಲಿ ಷೆವರ್ಲೆ ಕಂಪನಿಯು ಜನರಲ್ ಮೋಟಾರ್ಸ್‌ನಲ್ಲಿ ವಿಲೀನವಾಯಿತು. ಷೇರುಗಳನ್ನು ಮೊದಲೇ ಮಾರಿದ್ದರಿಂದ ಈ ಬೆಳವಣಿಗೆಯ ಪ್ರಯೋಜನ ಲೂಯಿ ಅವರಿಗೆ ದೊರೆಯಲಿಲ್ಲ.

ಫ್ರಾಂಟೆನ್ಯಾಕ್ ಮತ್ತು ಇಂಡಿಯಾನಾಪೊಲಿಸ್

1914ರಲ್ಲಿ ಲೂಯಿ ರೇಸ್ ಕಾರುಗಳ ನಿರ್ಮಾಣಕ್ಕಾಗಿ ಫ್ರಾಂಟೆನ್ಯಾಕ್ ಮೋಟಾರ್ ಕಾರ್ಪೊರೇಷನ್ ಆರಂಭಿಸಿದರು. ಸಹೋದರರಿಬ್ಬರೂ ಇದರಲ್ಲಿ ಕೈಜೋಡಿಸಿದರು. ತಮ್ಮ ಸ್ವಂತ ಹೆಸರನ್ನು ಕಾರಿಗೆ ಇಡುವ ಅವಕಾಶ ಅವರಿಗೆ ಇರಲಿಲ್ಲ. ಆದ್ದರಿಂದ ಉತ್ತರ ಅಮೆರಿಕದ ಫ್ರೆಂಚ್ ವಸಾಹತಿನ ಗವರ್ನರ್ ಆಗಿದ್ದ ಫ್ರಾಂಟೆನ್ಯಾಕ್ ಅವರ ಹೆಸರನ್ನು ಆರಿಸಿಕೊಂಡರು.

ಆ ವೇಳೆಗೆ ಅಮೆರಿಕದ ರೇಸ್‌ಗಳನ್ನು ನಿಯಂತ್ರಿಸುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ (ಎ.ಎ.ಎ.) ಎಂಜಿನ್ ಸಾಮರ್ಥ್ಯಕ್ಕೆ ಮಿತಿ ವಿಧಿಸುತ್ತಿತ್ತು. ಎಂಜಿನ್ ಸಾಮರ್ಥ್ಯವೆಂದರೆ ಎಲ್ಲ ಸಿಲಿಂಡರ್‌ಗಳಲ್ಲಿ ಪಿಸ್ಟನ್‌ಗಳು ಚಲಿಸುವ ಜಾಗದ ಒಟ್ಟು ಘನಗಾತ್ರ. ಇಂಡಿಯಾನಾಪೊಲಿಸ್ 500 ಸ್ಪರ್ಧೆಯಲ್ಲಿ ಈ ಮಿತಿ 1915ರಿಂದ 300 ಘನ ಅಂಗುಲ (4.9 ಲೀಟರ್), 1920ರಿಂದ 183 ಘನ ಅಂಗುಲ (3 ಲೀಟರ್), 1923ರಿಂದ 122 ಘನ ಅಂಗುಲ (2 ಲೀಟರ್) ಮತ್ತು 1926ರಿಂದ 91.5 ಘನ ಅಂಗುಲ (1.5 ಲೀಟರ್) ಆಗಿತ್ತು. ವೇಗವನ್ನು ಹತೋಟಿಯಲ್ಲಿಡುವುದು ಈ ಮಿತಿಗಳ ಮುಖ್ಯ ಉದ್ದೇಶವಾಗಿತ್ತು. ಮಿತಿ ಬದಲಾದಾಗಲೆಲ್ಲ ನಿರ್ಮಾಪಕರು ಹೊಸ ಎಂಜಿನ್ ರೂಪಿಸಬೇಕಾಗುತ್ತಿತ್ತು. ಲೂಯಿ ಷೆವರ್ಲೆ ಅವರ ಮುಂದಿನ ಎಲ್ಲ ಪ್ರಮುಖ ರೇಸ್ ಎಂಜಿನ್‌ಗಳು ಇಂತಹ ಮಿತಿಗಳೊಳಗೆ ರೂಪುಗೊಂಡವು.

ಚಾಲಕರಾಗಿ ಲೂಯಿ ಇಂಡಿಯಾನಾಪೊಲಿಸ್ 500ರಲ್ಲಿ 1915, 1916, 1919 ಮತ್ತು 1920ರಲ್ಲಿ ಭಾಗವಹಿಸಿದರು. 1915ರಲ್ಲಿ ಅವರು ಚಲಾಯಿಸಿದ ಕಾರ್ನೀಲಿಯನ್ ಎಂಬ ಪುಟ್ಟ ಕಾರಿನ ಎಂಜಿನ್ 2 ಲೀಟರಿಗಿಂತಲೂ ಚಿಕ್ಕದಾಗಿತ್ತು. 1916ರಲ್ಲಿ ಅಲ್ಯೂಮಿನಿಯಂ ಅನ್ನು ಹೇರಳವಾಗಿ ಬಳಸಿದ ಫ್ರಾಂಟೆನ್ಯಾಕ್ ಕಾರುಗಳು ಮೊದಲ ಬಾರಿಗೆ ಅಲ್ಲಿ ಕಾಣಿಸಿಕೊಂಡವು. 1919ರಲ್ಲಿ ಗಳಿಸಿದ ಏಳನೆಯ ಸ್ಥಾನವೇ ಅಲ್ಲಿ ಲೂಯಿ ಅವರ ಅತ್ಯುತ್ತಮ ಸಾಧನೆ.

1920ರ ಹೊಸ ಮಿತಿಗಾಗಿ ಲೂಯಿ ಮತ್ತು ಎಂಜಿನಿಯರ್ ಕಾರ್ನೀಲಿಯಸ್ ವಾನ್ ರಾನ್ಸ್ಟ್ ನಾಲ್ಕು ಸಿಲಿಂಡರ್‌ಗಳ ಎಂಜಿನ್ ಸಿದ್ಧಪಡಿಸಿದರು. ಈ ವಿನ್ಯಾಸದ ಕೆಲವು ಕಾರುಗಳು ಮನ್ರೋ ಎಂಬ ಹೆಸರಿನಲ್ಲಿಯೂ ಉಳಿದವು ಫ್ರಾಂಟೆನ್ಯಾಕ್ ಹೆಸರಿನಲ್ಲಿಯೂ ಸ್ಪರ್ಧಿಸಿದವು. ಸ್ಟೀರಿಂಗ್ ಭಾಗಗಳು ಮುರಿದು ಈ ಗುಂಪಿನ ಹಲವು ಕಾರುಗಳು ಸ್ಪರ್ಧೆಯಿಂದ ಹೊರಬಿದ್ದವು. ಆದರೆ ಗ್ಯಾಸ್ಟನ್ ಚಲಾಯಿಸಿದ ಮನ್ರೋ ಕಾರು ಗಂಟೆಗೆ ಸರಾಸರಿ 88.62 ಮೈಲಿ ವೇಗದಲ್ಲಿ ಸಾಗಿ ಜಯ ಗಳಿಸಿತು. 1912ರ ನಂತರ ಅಮೆರಿಕದಲ್ಲಿ ತಯಾರಾದ ಕಾರೊಂದು ಈ ಸ್ಪರ್ಧೆಯನ್ನು ಗೆದ್ದದ್ದು ಅದೇ ಮೊದಲು.

ಅದೇ ವರ್ಷದ ನವೆಂಬರ್ 25ರಂದು ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನ ಮರದ ಹಲಗೆಗಳ ಟ್ರ್ಯಾಕ್‌ನಲ್ಲಿ ನಡೆದ ಅಪಘಾತದಲ್ಲಿ ಗ್ಯಾಸ್ಟನ್ ಮರಣ ಹೊಂದಿದರು. ಅವರ ಕಾರಿಗೆ ಡಿಕ್ಕಿಯಾದ ಕಾರಿನ ಚಾಲಕ ಎಡ್ಡಿ ಓಡಾನೆಲ್ ಮತ್ತು ಆತನ ಮೆಕ್ಯಾನಿಕ್ ಸಹ ಮೃತಪಟ್ಟರು. ಆಗ ಗ್ಯಾಸ್ಟನ್ ಅವರ ವಯಸ್ಸು 28. ತಮ್ಮನ ಮರಣದ ನಂತರ ಲೂಯಿ ರೇಸ್ ಚಾಲನೆಯನ್ನು ನಿಲ್ಲಿಸಿ ಕಾರು ಮತ್ತು ಎಂಜಿನ್ ನಿರ್ಮಾಣಕ್ಕೆ ಮಾತ್ರ ತಮ್ಮನ್ನು ಸೀಮಿತಗೊಳಿಸಿಕೊಂಡರು. 1921ರಲ್ಲಿ ಟಾಮಿ ಮಿಲ್ಟನ್ ಎಂಟು ಸಿಲಿಂಡರ್‌ಗಳ ಫ್ರಾಂಟೆನ್ಯಾಕ್ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದರು. ಎಂಟು ಸಿಲಿಂಡರ್‌ಗಳ ಎಂಜಿನ್ ಆ ಸ್ಪರ್ಧೆಯನ್ನು ಗೆದ್ದದ್ದು ಇದೇ ಮೊದಲ ಬಾರಿ. ಈ ಗೆಲುವುಗಳ ನಂತರವೂ ಫ್ರಾಂಟೆನ್ಯಾಕ್ ಹೆಸರಿನಲ್ಲಿ ಪ್ರಯಾಣಿಕ ಕಾರು ತಯಾರಿಸುವ ಯೋಜನೆಗೆ ಅಗತ್ಯವಾದ ಬಂಡವಾಳ ಒದಗಲಿಲ್ಲ. ಕಂಪನಿಯು ದಿವಾಳಿಯಾಯಿತು.

ಫ್ರಾಂಟಿ-ಫೋರ್ಡ್ ಎಂಜಿನ್

ಹಿನ್ನೆಲೆ

ಇಂಡಿಯಾನಾಪೊಲಿಸ್‌ನಂತಹ ದೊಡ್ಡ ಸ್ಪರ್ಧೆಗಳ ಹೊರಗೆ, ಅಮೆರಿಕದ ಸಣ್ಣ ಊರುಗಳ ಕೃಷಿ ಜಾತ್ರೆಗಳಲ್ಲಿಯೂ ಕಾರು ರೇಸ್‌ಗಳು ನಡೆಯುತ್ತಿದ್ದವು. ಜಾತ್ರೆ ಮೈದಾನದ ಕುದುರೆ ಓಟದ ಟ್ರ್ಯಾಕ್, ಸಾಮಾನ್ಯವಾಗಿ ಅರ್ಧ ಮೈಲಿ ಅಥವಾ ಒಂದು ಮೈಲಿ ಸುತ್ತಳತೆಯದು, ಈ ರೇಸ್‌ಗಳ ಅಂಗಳವಾಗಿತ್ತು. ಸ್ಪರ್ಧಿಗಳಲ್ಲಿ ಗ್ಯಾರೇಜ್ ಮೆಕ್ಯಾನಿಕ್‌ಗಳು, ರೈತರ ಮಕ್ಕಳು ಮತ್ತು ಕಾರು ಮಾರಾಟಗಾರರು ಇರುತ್ತಿದ್ದರು. ಕೇವಲ ರೇಸ್‌ಗಾಗಿಯೇ ನಿರ್ಮಿಸಿದ ಎಂಜಿನ್ ಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ.

ಅವರಿಗೆ ಎಲ್ಲೆಡೆ ಅಗ್ಗವಾಗಿ ದೊರೆಯುತ್ತಿದ್ದುದು ಫೋರ್ಡ್ ಮಾಡೆಲ್ ಟಿ ಎಂಜಿನ್. 1908ರಿಂದ 1927ರವರೆಗೆ ಸುಮಾರು 1.5 ಕೋಟಿ ಮಾಡೆಲ್ ಟಿ ವಾಹನಗಳು ತಯಾರಾದವು. ಹಳೆಯ ಕಾರುಗಳ ಎಂಜಿನ್ ಮತ್ತು ಬಿಡಿಭಾಗಗಳು ಪ್ರತಿಯೊಂದು ಊರಿನಲ್ಲೂ ಸಿಗುತ್ತಿದ್ದವು.

ಮೂಲ ಎಂಜಿನ್‌ನ ಮಿತಿಗಳು

ಮಾಡೆಲ್ ಟಿ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿದ್ದವು. ಸಿಲಿಂಡರ್‌ನ ವ್ಯಾಸ 3.75 ಅಂಗುಲ, ಪಿಸ್ಟನ್ ಚಲಿಸುವ ದೂರ 4 ಅಂಗುಲ ಮತ್ತು ಒಟ್ಟು ಸಾಮರ್ಥ್ಯ ಸುಮಾರು 177 ಘನ ಅಂಗುಲ (2.9 ಲೀಟರ್). ಇದು 1920ರಿಂದ 1922ರವರೆಗಿನ 183 ಘನ ಅಂಗುಲಗಳ ಮಿತಿಯೊಳಗೆ ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಸವೆದ ಸಿಲಿಂಡರ್‌ಗಳನ್ನು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಕೊರೆದು ಹಿಗ್ಗಿಸಿದರೂ ಸಾಮರ್ಥ್ಯವು 182.7 ಘನ ಅಂಗುಲಗಳನ್ನು ದಾಟುತ್ತಿರಲಿಲ್ಲ.

ಆದರೆ ಈ ಎಂಜಿನ್ ನೀಡುತ್ತಿದ್ದುದು ಕೇವಲ 20 ಅಶ್ವಶಕ್ತಿ. ಇದಕ್ಕೆ ಮುಖ್ಯ ಕಾರಣ ಅದರ ಉಸಿರಾಟದ ವ್ಯವಸ್ಥೆ. ವಾಲ್ವ್‌ಗಳು ಸಿಲಿಂಡರ್‌ನ ಪಕ್ಕದಲ್ಲಿದ್ದುದರಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಇಕ್ಕಟ್ಟಾದ ದಾರಿಯಲ್ಲಿ ತಿರುಗಿ ಒಳಗೆ ಬರಬೇಕಾಗಿತ್ತು. ದಹನದ ಕೋಣೆ ಸಿಲಿಂಡರ್‌ನ ಪಕ್ಕಕ್ಕೂ ಚಾಚಿಕೊಂಡಿದ್ದುದರಿಂದ ಮಿಶ್ರಣವನ್ನು ಹೆಚ್ಚು ಒತ್ತಡಕ್ಕೆ ಒಳಪಡಿಸಲು ಸಾಧ್ಯವಿರಲಿಲ್ಲ. ಸಂಪೀಡನ ಅನುಪಾತವು ಸುಮಾರು 4:1 ಮಾತ್ರ ಆಗಿತ್ತು. ಇದಲ್ಲದೆ ಕ್ರ್ಯಾಂಕ್‌ಶಾಫ್ಟ್ ತೆಳ್ಳಗಿದ್ದು ಮೂರು ಬೇರಿಂಗ್‌ಗಳ ಮೇಲೆ ಮಾತ್ರ ನಿಂತಿತ್ತು. ಅದರ ಬೇರಿಂಗ್ ಭಾಗದ ವ್ಯಾಸ ಸುಮಾರು ಒಂದೂಕಾಲು ಅಂಗುಲ. ಆಯಿಲ್ ಪಂಪ್ ಇರಲಿಲ್ಲ. ತಿರುಗುವ ಭಾಗಗಳು ಎರಚಿದ ಎಣ್ಣೆಯೇ ಬೇರಿಂಗ್‌ಗಳನ್ನು ತಲುಪುತ್ತಿತ್ತು.

ಫ್ರಾಂಟಿ ಹೆಡ್

ಷೆವರ್ಲೆ ಸಹೋದರರು ಇಂಡಿಯಾನಾಪೊಲಿಸ್ ನಗರದಲ್ಲಿ, ವಾನ್ ರಾನ್ಸ್ಟ್ ಅವರ ಸಹಯೋಗದೊಂದಿಗೆ, ಈ ಎಂಜಿನ್‌ಗೆ ಹೊಂದುವ ಸಿಲಿಂಡರ್ ಹೆಡ್‌ಗಳನ್ನು ತಯಾರಿಸಲು ಆರಂಭಿಸಿದರು. ಫೋರ್ಡ್ ಎಂಜಿನ್‌ನ ಬ್ಲಾಕ್ ಹಾಗೆಯೇ ಉಳಿಯುತ್ತಿತ್ತು. ಮೂಲ ಹೆಡ್ ತೆಗೆದು ಅದರ ಜಾಗದಲ್ಲಿ ಹೊಸ ಹೆಡ್ ಕೂರಿಸಲಾಗುತ್ತಿತ್ತು. ಫ್ರಾಂಟೆನ್ಯಾಕ್ ಹೆಸರಿನ ಮೊಟಕು ರೂಪವಾದ ಫ್ರಾಂಟಿ ಎಂಬ ಹೆಸರಿನಿಂದ ಇವು ಪರಿಚಿತವಾದವು. ಇವುಗಳನ್ನು ಅಳವಡಿಸಿದ ಕಾರುಗಳನ್ನು ಫ್ರಾಂಟಿ-ಫೋರ್ಡ್ ಎಂದು ಕರೆಯಲಾಗುತ್ತಿತ್ತು.

ಹೊಸ ಹೆಡ್‌ನಲ್ಲಿ ವಾಲ್ವ್‌ಗಳು ಪಿಸ್ಟನ್‌ನ ನೇರ ಮೇಲ್ಭಾಗದಲ್ಲಿದ್ದವು. ಮೂಲ ಎಂಜಿನ್‌ನ ಕ್ಯಾಮ್‌ಶಾಫ್ಟ್ ಇರುವ ಜಾಗದಿಂದಲೇ ಪುಷ್‌ರಾಡ್‌ಗಳು ಮೇಲಕ್ಕೆ ಹೋಗಿ ರಾಕರ್‌ಗಳ ಮೂಲಕ ಈ ವಾಲ್ವ್‌ಗಳನ್ನು ತೆರೆಯುತ್ತಿದ್ದವು. ಇದರಿಂದ ಮಿಶ್ರಣದ ದಾರಿ ನೇರವಾಯಿತು, ದೊಡ್ಡ ವಾಲ್ವ್‌ಗಳನ್ನು ಬಳಸಲು ಸಾಧ್ಯವಾಯಿತು ಮತ್ತು ದಹನದ ಕೋಣೆ ಚಿಕ್ಕದಾಗಿ ಸಂಪೀಡನ ಹೆಚ್ಚಿತು. ಎಂಜಿನ್ ಸಾಮರ್ಥ್ಯ ಬದಲಾಗದಿದ್ದರೂ ಶಕ್ತಿಯು ಎರಡು ಪಟ್ಟಿಗೂ ಹೆಚ್ಚಾಗುತ್ತಿತ್ತು. ಸಾಮಾನ್ಯ ರಸ್ತೆ ಬಳಕೆಗೆ ಮತ್ತು ರೇಸ್‌ಗೆ ಪ್ರತ್ಯೇಕ ಮಾದರಿಗಳು ಇದ್ದವು. ಅತ್ಯಂತ ದುಬಾರಿ ಮಾದರಿಯಲ್ಲಿ ಎರಡು ಕ್ಯಾಮ್‌ಶಾಫ್ಟ್‌ಗಳು ಹೆಡ್‌ನ ಮೇಲೆಯೇ ಇದ್ದು, ಪ್ರತಿ ಸಿಲಿಂಡರ್‌ಗೆ ನಾಲ್ಕು ವಾಲ್ವ್‌ಗಳಂತೆ ಹದಿನಾರು ವಾಲ್ವ್‌ಗಳಿದ್ದವು.

ಹೆಡ್ ಬದಲಿಸಿದ ಮಾತ್ರಕ್ಕೆ ರೇಸ್ ಎಂಜಿನ್ ಸಿದ್ಧವಾಗುತ್ತಿರಲಿಲ್ಲ. ಹೆಚ್ಚಿದ ಶಕ್ತಿಯನ್ನು ಮೂಲ ಎಂಜಿನ್‌ನ ಕೆಳಭಾಗ ತಾಳಿಕೊಳ್ಳುವಂತೆ ಮಾಡಬೇಕಾಗಿತ್ತು. ಇದಕ್ಕಾಗಿ ಎಂಜಿನ್ ಕಟ್ಟುವವರು ಕ್ರ್ಯಾಂಕ್‌ಶಾಫ್ಟ್‌ಗೆ ಸಮತೋಲನದ ತೂಕಗಳನ್ನು ಜೋಡಿಸುವುದು, ಹಗುರವಾದ ಪಿಸ್ಟನ್‌ಗಳನ್ನು ಬಳಸುವುದು, ಬೇರಿಂಗ್‌ಗಳಿಗೆ ಒತ್ತಡದಿಂದ ಎಣ್ಣೆ ತಲುಪಿಸುವ ಪಂಪ್ ಅಳವಡಿಸುವುದು ಮತ್ತು ಫೋರ್ಡ್ ಕಾಯಿಲ್‌ಗಳ ಬದಲಿಗೆ ಪ್ರತ್ಯೇಕ ಮ್ಯಾಗ್ನೆಟೊ ಬಳಸುವುದು ರೂಢಿಯಾಯಿತು. ಕಿಡಿಯ ಸಮಯ, ಕಾರ್ಬುರೇಟರ್‌ನ ಹೊಂದಾಣಿಕೆ ಮತ್ತು ಬೇರಿಂಗ್‌ಗಳ ನಡುವಿನ ಅಂತರ, ಇವುಗಳ ಮೇಲೆ ಎಂಜಿನ್‌ನ ಬಾಳಿಕೆ ಅವಲಂಬಿಸಿತ್ತು. ಮಣ್ಣಿನ ಟ್ರ್ಯಾಕ್‌ನ ತಿರುವುಗಳಲ್ಲಿ ಕಾರು ಪಕ್ಕಕ್ಕೆ ಜಾರುತ್ತಲೇ ಸಾಗುತ್ತದೆ. ಅಲ್ಲಿ ಅತ್ಯಧಿಕ ವೇಗಕ್ಕಿಂತ, ತಿರುವಿನಿಂದ ಹೊರಬರುವಾಗ ದೊರೆಯುವ ಎಳೆತದ ಬಲ ಮುಖ್ಯವಾಗಿತ್ತು. ಸರಳ ರಚನೆಯ ನಾಲ್ಕು ಸಿಲಿಂಡರ್ ಎಂಜಿನ್ ಈ ಅಗತ್ಯಕ್ಕೆ ಹೊಂದುತ್ತಿತ್ತು.

ಇದೇ ಮಾರುಕಟ್ಟೆಯಲ್ಲಿ ಇತರ ತಯಾರಕರೂ ಇದ್ದರು. ವಿಸ್ಕಾನ್ಸಿನ್ ರಾಜ್ಯದ ರಸೀನ್ ನಗರದ ಜೋ ಯಾಗರ್ಸ್‌ಬರ್ಗರ್ ಅವರ ರಾಜೊ ಹೆಡ್‌ಗಳು ಮತ್ತು ಇಂಡಿಯಾನಾ ರಾಜ್ಯದ ಆಂಡರ್ಸನ್ ನಗರದ ರಾಬರ್ಟ್ ರೂಫ್ ಅವರ ಹೆಡ್‌ಗಳು ಫ್ರಾಂಟಿ ಹೆಡ್‌ಗಳಿಗೆ ಪೈಪೋಟಿ ನೀಡಿದವು.

ಇಂಡಿಯಾನಾಪೊಲಿಸ್‌ನಲ್ಲಿ ಫ್ರಾಂಟಿ-ಫೋರ್ಡ್

1922ರ ಇಂಡಿಯಾನಾಪೊಲಿಸ್ 500ರಲ್ಲಿ ಎರಡು ಫ್ರಾಂಟಿ-ಫೋರ್ಡ್ ಕಾರುಗಳು ಸ್ಪರ್ಧಿಸಿದವು. 1923ರಲ್ಲಿ ಮಿತಿಯು 122 ಘನ ಅಂಗುಲಗಳಿಗೆ ಇಳಿದಾಗ ಫೋರ್ಡ್ ಎಂಜಿನ್ ಹೆಚ್ಚು ದೊಡ್ಡದಾಯಿತು. ಪಿಸ್ಟನ್ ಚಲಿಸುವ ದೂರವನ್ನು ಹಾಗೆಯೇ ಉಳಿಸಿಕೊಂಡರೆ ಸಿಲಿಂಡರ್‌ನ ವ್ಯಾಸವನ್ನು ಸುಮಾರು 3.1 ಅಂಗುಲಕ್ಕೆ ಇಳಿಸಬೇಕಾಗುತ್ತಿತ್ತು. ಸಾಮರ್ಥ್ಯವನ್ನು ಹೊಸ ಮಿತಿಯೊಳಗೆ ತಂದ ಕಾರೊಂದನ್ನು ಸ್ಥಳೀಯ ಫೋರ್ಡ್ ಮಾರಾಟಗಾರರಾದ ಬಾರ್ಬರ್-ವಾರ್ನಾಕ್ ಸಂಸ್ಥೆಯು ಕಣಕ್ಕಿಳಿಸಿತು. ಎಲ್. ಎಲ್. ಕೋರಮ್ ಅದನ್ನು ಗಂಟೆಗೆ ಸರಾಸರಿ 82.58 ಮೈಲಿ ವೇಗದಲ್ಲಿ ಚಲಾಯಿಸಿ ಐದನೆಯ ಸ್ಥಾನ ಗಳಿಸಿದರು. ಅವರಿಗಿಂತ ಮುಂದಿದ್ದ ನಾಲ್ಕೂ ಕಾರುಗಳಲ್ಲಿ ಹ್ಯಾರಿ ಮಿಲ್ಲರ್ ಅವರ ದುಬಾರಿ ರೇಸ್ ಎಂಜಿನ್‌ಗಳಿದ್ದವು.

1924ರಲ್ಲಿ ಬಾರ್ಬರ್-ವಾರ್ನಾಕ್ ಮೂರು ಕಾರುಗಳನ್ನು ಸ್ಪರ್ಧೆಗೆ ತಂದಿತು. ಹೆನ್ರಿ ಫೋರ್ಡ್ ಆ ವರ್ಷದ ಸ್ಪರ್ಧೆಯ ರೆಫರಿಯಾಗಿದ್ದರು. ಕಾರುಗಳಲ್ಲೊಂದನ್ನು ಚಲಾಯಿಸಿದ ಇಂಗ್ಲೆಂಡಿನ ಆಲ್ಫ್ರೆಡ್ ಮಾಸ್ ಹದಿನಾರನೆಯ ಸ್ಥಾನ ಪಡೆದರು. ದಂತವೈದ್ಯರಾದ ಇವರು ಮುಂದೆ ಪ್ರಸಿದ್ಧ ರೇಸ್ ಚಾಲಕರಾದ ಸ್ಟರ್ಲಿಂಗ್ ಮಾಸ್ ಅವರ ತಂದೆ. 1926ರಲ್ಲಿ ಮಿತಿಯು 91.5 ಘನ ಅಂಗುಲಗಳಿಗೆ ಇಳಿದಾಗ ಇಂಡಿಯಾನಾಪೊಲಿಸ್ 500 ಸೂಪರ್‌ಚಾರ್ಜರ್ ಅಳವಡಿಸಿದ ಚಿಕ್ಕ ಎಂಜಿನ್‌ಗಳ ಪಾಲಾಯಿತು. ಫ್ರಾಂಟಿ-ಫೋರ್ಡ್‌ಗಳ ನಿಜವಾದ ನೆಲೆಯಾಗಿ ಸಣ್ಣ ಊರುಗಳ ಮಣ್ಣಿನ ಟ್ರ್ಯಾಕ್‌ಗಳು ಉಳಿದವು.

ವಿಮಾನ ಎಂಜಿನ್ ಮತ್ತು ಕೊನೆಯ ವರ್ಷಗಳು

ಮಾಡೆಲ್ ಟಿ ಉತ್ಪಾದನೆ 1927ರಲ್ಲಿ ನಿಂತ ಬಳಿಕ ಫ್ರಾಂಟಿ ಹೆಡ್‌ಗಳ ಬೇಡಿಕೆ ಕುಸಿಯಿತು. ಲೂಯಿ ಮತ್ತು ಆರ್ಥರ್ ವಿಮಾನ ಎಂಜಿನ್‌ಗಳತ್ತ ಗಮನ ಹರಿಸಿದರು. ಗಾಳಿಯಿಂದ ತಂಪಾಗುವ, ಸಿಲಿಂಡರ್‌ಗಳು ಕೆಳಮುಖವಾಗಿದ್ದ, 333 ಘನ ಅಂಗುಲ ಸಾಮರ್ಥ್ಯದ ನಾಲ್ಕು ಸಿಲಿಂಡರ್‌ಗಳ ಎಂಜಿನ್ ಒಂದನ್ನು ಅವರು ರೂಪಿಸಿದರು. ಆದರೆ ಸಹೋದರರ ನಡುವೆ ಮನಸ್ತಾಪ ಉಂಟಾಗಿ ಆರ್ಥರ್ ಪ್ರತ್ಯೇಕ ಸಂಸ್ಥೆಯನ್ನು ಆರಂಭಿಸಿದರು. 1929ರ ಆರ್ಥಿಕ ಕುಸಿತದಿಂದ ಲೂಯಿ ಅವರ ಉದ್ಯಮವೂ ನೆಲಕಚ್ಚಿತು. ಎಂಜಿನ್‌ನ ಹಕ್ಕುಗಳು ಗ್ಲೆನ್ ಮಾರ್ಟಿನ್ ಅವರ ವಿಮಾನ ಕಂಪನಿಯ ಪಾಲಾದವು.

1930ರ ದಶಕದಲ್ಲಿ ಲೂಯಿ ಡೆಟ್ರಾಯಿಟ್‌ಗೆ ಮರಳಿ ಜನರಲ್ ಮೋಟಾರ್ಸ್‌ನ ಷೆವರ್ಲೆ ವಿಭಾಗದಲ್ಲಿ ಮೆಕ್ಯಾನಿಕ್ ಆಗಿ ಉದ್ಯೋಗ ಪಡೆದರು. ತಮ್ಮದೇ ಹೆಸರಿನ ಕಾರುಗಳ ಕಾರ್ಖಾನೆಯಲ್ಲಿ ಅವರು ಸಂಬಳದ ನೌಕರರಾದರು. ಅನಾರೋಗ್ಯದ ಕಾರಣದಿಂದ ಕೆಲಸ ಬಿಟ್ಟು ಪತ್ನಿಯೊಂದಿಗೆ ಕೆಲಕಾಲ ಫ್ಲಾರಿಡಾದಲ್ಲಿ ವಾಸಿಸಿದರು. 1941ರ ಜೂನ್ 6ರಂದು ಡೆಟ್ರಾಯಿಟ್‌ನಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಅಂತ್ಯಸಂಸ್ಕಾರ ಇಂಡಿಯಾನಾಪೊಲಿಸ್‌ನ ಸ್ಮಶಾನದಲ್ಲಿ, ಗ್ಯಾಸ್ಟನ್ ಅವರ ಸಮಾಧಿ ಇರುವಲ್ಲಿಯೇ ನಡೆಯಿತು. ಬಿಡಿ ಎಂಜಿನ್ ರೂಪದಲ್ಲಿ ಮುಂದುವರಿದಿದ್ದ ಫೋರ್ಡ್ ಮಾಡೆಲ್ ಟಿ ಎಂಜಿನ್‌ನ ತಯಾರಿಕೆಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಕೊನೆಗೊಂಡಿತು. ಆರ್ಥರ್ 1946ರಲ್ಲಿ ನಿಧನರಾದರು.

ನಂತರದ ಪ್ರಭಾವ

ಸಾಮಾನ್ಯ ಕಾರಿನ ಎಂಜಿನ್ ಬ್ಲಾಕ್ ತೆಗೆದುಕೊಂಡು, ನಿಯಮಗಳ ಮಿತಿಯೊಳಗೆ ಅದನ್ನು ರೇಸ್‌ಗೆ ಸಿದ್ಧಪಡಿಸುವ ಪದ್ಧತಿಯು ಫ್ರಾಂಟಿ-ಫೋರ್ಡ್‌ಗಳ ನಂತರವೂ ಮುಂದುವರಿಯಿತು. ಫೋರ್ಡ್ ಮಾಡೆಲ್ ಎ ಮತ್ತು ಮಾಡೆಲ್ ಬಿ ಎಂಜಿನ್‌ಗಳಿಗೂ ಇದೇ ಬಗೆಯ ಹೆಡ್‌ಗಳು ತಯಾರಾದವು. 1930ರಲ್ಲಿ ಇಂಡಿಯಾನಾಪೊಲಿಸ್‌ನ ನಿಯಮಗಳನ್ನೂ ಬದಲಿಸಿ ಮಿತಿಯನ್ನು 366 ಘನ ಅಂಗುಲಗಳಿಗೆ (6 ಲೀಟರ್) ಏರಿಸಲಾಯಿತು ಮತ್ತು ಸೂಪರ್‌ಚಾರ್ಜರ್‌ಗಳನ್ನು ನಿರ್ಬಂಧಿಸಲಾಯಿತು. ಸಾಮಾನ್ಯ ಕಾರುಗಳ ಎಂಜಿನ್‌ಗಳಿಗೆ ಅವಕಾಶ ಕಲ್ಪಿಸಿ ಖರ್ಚನ್ನು ತಗ್ಗಿಸುವುದು ಇದರ ಉದ್ದೇಶವಾಗಿತ್ತು.

ಮಣ್ಣಿನ ಟ್ರ್ಯಾಕ್‌ಗಳ ಈ ಹಗುರವಾದ ತೆರೆದ ಚಕ್ರಗಳ ಕಾರುಗಳು ಕಾಲಕ್ರಮದಲ್ಲಿ ಸ್ಪ್ರಿಂಟ್ ಕಾರು ಎಂಬ ಹೆಸರು ಪಡೆದವು. ಜನರಲ್ ಮೋಟಾರ್ಸ್ 1955ರಲ್ಲಿ ಹೊರತಂದ 265 ಘನ ಅಂಗುಲ (4.3 ಲೀಟರ್) ಸಾಮರ್ಥ್ಯದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್, ಮಾಡೆಲ್ ಟಿ ಎಂಜಿನ್‌ನಂತೆಯೇ ಅಗ್ಗವೂ ಸರ್ವತ್ರ ಲಭ್ಯವೂ ಆಗಿದ್ದುದರಿಂದ ಇಂತಹ ರೇಸ್‌ಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಇಂದಿನ ಅಮೆರಿಕದ ಸ್ಪ್ರಿಂಟ್ ಕಾರು ರೇಸ್‌ಗಳಲ್ಲಿ 410, 360 ಮತ್ತು 305 ಘನ ಅಂಗುಲಗಳ ಮಿತಿಯ ವರ್ಗಗಳಿವೆ. 410 ವರ್ಗವು ವೃತ್ತಿಪರರದು. 305 ವರ್ಗವು ಹೆಚ್ಚಾಗಿ ಹವ್ಯಾಸಿಗಳಿಗೆ ಮೀಸಲಾಗಿದ್ದು, ಹಣಕ್ಕಿಂತ ಕುಶಲತೆಗೆ ಬೆಲೆ ಬರುವಂತೆ ಅದರಲ್ಲಿ ಎಂಜಿನ್ ಭಾಗಗಳ ಮೇಲೆ ನಿರ್ಬಂಧಗಳನ್ನು ಹೇರಲಾಗುತ್ತದೆ. ಮಣ್ಣಿನ ಟ್ರ್ಯಾಕ್‌ಗಳ ಇತರ ಕೆಲವು ವರ್ಗಗಳಲ್ಲಿ, ಬಿಚ್ಚಲು ಅವಕಾಶವಿಲ್ಲದಂತೆ ಕಾರ್ಖಾನೆಯಲ್ಲಿಯೇ ಮುದ್ರೆ ಹಾಕಿದ ಷೆವರ್ಲೆ ಎಂಜಿನ್‌ಗಳನ್ನು ಬಳಸಲಾಗುತ್ತದೆ.

ಭಾರತದಲ್ಲಿ

1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಣಾ ಘಟಕವನ್ನು ಆರಂಭಿಸಿತು. ಷೆವರ್ಲೆ ಕಾರು, ಬಸ್ಸು ಮತ್ತು ಲಾರಿಗಳು ಅಲ್ಲಿ ಜೋಡಣೆಯಾಗಿ ದೇಶದಲ್ಲಿ ಮಾರಾಟವಾಗುತ್ತಿದ್ದವು. ಇಂದಿನ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶಗಳು ಆಗ ಇದೇ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಈ ಘಟಕವು 1950ರ ದಶಕದಲ್ಲಿ ಮುಚ್ಚಿತು. 2003ರಲ್ಲಿ ಷೆವರ್ಲೆ ಹೆಸರಿನ ಕಾರುಗಳು ಭಾರತದ ಮಾರುಕಟ್ಟೆಗೆ ಮರಳಿದವು. 2017ರ ಅಂತ್ಯದಲ್ಲಿ ಜನರಲ್ ಮೋಟಾರ್ಸ್ ದೇಶದಲ್ಲಿ ಅವುಗಳ ಮಾರಾಟವನ್ನು ನಿಲ್ಲಿಸಿತು.

ಗೌರವಗಳು

ಲೂಯಿ ಷೆವರ್ಲೆ ಅವರ ಹೆಸರನ್ನು 1969ರಲ್ಲಿ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ, 1992ರಲ್ಲಿ ಇಂಟರ್‌ನ್ಯಾಷನಲ್ ಮೋಟಾರ್‌ಸ್ಪೋರ್ಟ್ಸ್ ಹಾಲ್ ಆಫ್ ಫೇಮ್‌ಗೆ ಮತ್ತು 1995ರಲ್ಲಿ ಮೋಟಾರ್‌ಸ್ಪೋರ್ಟ್ಸ್ ಹಾಲ್ ಆಫ್ ಫೇಮ್ ಆಫ್ ಅಮೆರಿಕಕ್ಕೆ ಸೇರಿಸಲಾಯಿತು. ಇಂಡಿಯಾನಾಪೊಲಿಸ್ ಮೋಟಾರ್ ಸ್ಪೀಡ್‌ವೇ ವಸ್ತುಸಂಗ್ರಹಾಲಯದ ಆವರಣದಲ್ಲಿ ಅವರ ಎದೆಮಟ್ಟದ ಪ್ರತಿಮೆಯುಳ್ಳ ಸ್ಮಾರಕವಿದೆ. ಅವರ ಹುಟ್ಟೂರಾದ ಲಾ ಶೋ-ದ-ಫೊಂ ಪಟ್ಟಣದಲ್ಲಿಯೂ ಅವರ ನೆನಪಿಗಾಗಿ ಲೋಹದ ಶಿಲ್ಪವೊಂದನ್ನು ಸ್ಥಾಪಿಸಲಾಗಿದೆ.